ರಾಗಿ ಹೊಲದ ನಟ್ಟನಡುವಿನ ಇಂಗ್ಲಿಷು

ನಮ್ಮ ಮನೆಯಲ್ಲಿ ಇಂಗ್ಲಿಷಿಗೆ ಒಂದು ಕೋಟು ಇತ್ತು. ನಡುಮನೆಯ ಬಾಗಿಲ ಪಕ್ಕದ ಮೊಳೆಗೆ ತೂಗುತ್ತಿತ್ತು. ಕಪ್ಪು ಬಣ್ಣದ್ದು ಎಂದು ನನ್ನ ನೆನಪು. ಅಮ್ಮ ಕೊನೆಯವರೆಗೂ ಕಡುಗಂದು ಎಂದೇ ಸಾಧಿಸಿದಳು. ಬಣ್ಣದ ವಿಷಯದಲ್ಲಿ ಅವಳೇ ಸರಿಯಿರಬಹುದು. ಕೋಟಿನ ವಿಷಯದಲ್ಲಿ ನಾನು ಬಿಟ್ಟುಕೊಡುವುದಿಲ್ಲ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಅದನ್ನು ತೊಡದೆ ಇಂಗ್ಲಿಷ್ ಆಡುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ರಸ್ತೆಯ ಯಾರಾದರೂ ನಲ್ಲಿ ಸಂಪರ್ಕಕ್ಕೋ ರಜೆಗೋ ಅರ್ಜಿ ಬರೆಸಲು ಬಂದರೆ, ಬನಿಯನ್ನಿನ ಮೇಲೇ ಕೋಟು ಏರಿಸಿ, ಗುಂಡಿಗಳನ್ನೆಲ್ಲ ಹಾಕಿ, ಗಂಟಲು ಸರಿಮಾಡಿಕೊಂಡು, ಆಮೇಲೆ 'ಐ ಬೆಗ್ ಟು ಸ್ಟೇಟ್' ಎಂದು ಶುರುಮಾಡುತ್ತಿದ್ದರು. ಏಪ್ರಿಲ್ ತಿಂಗಳ ಸೆಕೆಯಲ್ಲೂ ಅಷ್ಟೇ. ಅರ್ಜಿ ಮುಗಿದರೆ ಕೋಟು ಮೊಳೆಗೆ, ಅಪ್ಪ ಕನ್ನಡಕ್ಕೆ.

'ನಿಮ್ಮಪ್ಪ ಇಂಗ್ಲಿಷ್ ಮಡಿ ಉಟ್ಕೊಂಡಿದಾರೆ, ಮಾತಾಡಿಸ್ಬೇಡ' ಎಂದು ಅಮ್ಮ ಅಡುಗೆಮನೆಯಿಂದ ಹೇಳುತ್ತಿದ್ದಳು. ಅವಳು ತಮಾಷೆಗೆ ಹೇಳುತ್ತಿದ್ದಳು. ನನಗೆ ಅದು ತಮಾಷೆಯಲ್ಲ, ವರದಿ ಎಂದು ಅನಿಸಿದ್ದು ಎಷ್ಟೋ ಕಾಲದ ಮೇಲೆ. ಬಸವನಗುಡಿಯಲ್ಲಿ, ತ್ಯಾಗರಾಜನಗರದಲ್ಲಿ ನಮ್ಮಂಥ ಮನೆಗಳವರೆಲ್ಲ ಇಂಗ್ಲಿಷನ್ನು ಮಡಿ ಬಟ್ಟೆಯ ಹಾಗೆಯೇ ಇಟ್ಟುಕೊಂಡಿದ್ದರು. ಎತ್ತರದ ಗಳುವಿನ ಮೇಲೆ, ಕೋಲಿನಿಂದ ತೆಗೆದು, ಯಾರೂ ಮುಟ್ಟದ ಹಾಗೆ. ಅದರಲ್ಲಿ ಅರ್ಜಿ ಬರೆಯಬಹುದಿತ್ತು, ಭಾಷಣ ಮಾಡಬಹುದಿತ್ತು. ಅದರಲ್ಲಿ ಯಾರೂ ನಗುತ್ತಿರಲಿಲ್ಲ.

ಐವತ್ತರ ದಶಕ ಮುಗಿಯುವ ಹೊತ್ತಿಗೆ ನಾವು ತ್ಯಾಗರಾಜನಗರದ ಬಾಡಿಗೆ ಮನೆ ಬಿಟ್ಟು ಜಯನಗರಕ್ಕೆ ಬಂದೆವು. ನಮ್ಮ ರಸ್ತೆಯಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳು ಹೆಚ್ಚು. ಹಿತ್ತಿಲ ಗೋಡೆಯ ಆಚೆ ಸಾರಕ್ಕಿಯ ಕಡೆಗೆ ರಾಗಿ ಹೊಲಗಳು. ನಾನು ಆಗ ಇಂಗ್ಲಿಷ್ ಆನರ್ಸ್ ಓದುತ್ತಿದ್ದೆ. ಮುನ್ನೂರು ವರ್ಷ ಹಳೆಯ ನಾಟಕದ ಸಾಲುಗಳನ್ನು ಕಣ್ಣುಮುಚ್ಚಿ ಒಪ್ಪಿಸುತ್ತಿದ್ದ ನನಗೆ 'ಸ್ವಲ್ಪ ಜರುಗಿ' ಎಂದು ಇಂಗ್ಲಿಷಿನಲ್ಲಿ ಹೇಳಲು ಬರುತ್ತಿರಲಿಲ್ಲ.

ಅದನ್ನು ಕಲಿಸಿದವರು ಕಾಲೇಜಿನವರಲ್ಲ. ಪದವಿ ಮುಗಿದ ಮೇಲೆ ಗಾಂಧಿ ಬಜಾರಿನ ಹತ್ತಿರ ಮಹಡಿಯ ಮೇಲಿನ ಟೈಪಿಂಗ್ ಶಾಲೆಗೆ ಸೇರಿದೆ. ಅಲ್ಲಿ ಕಲಿಸುತ್ತಿದ್ದವರು ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಆಂಗ್ಲೋ ಇಂಡಿಯನ್ ಹೆಂಗಸು. ಹೂವಿನ ಫ್ರಾಕು, ದಪ್ಪ ಕನ್ನಡಕ, ಸದಾ ಕೈಯಲ್ಲೊಂದು ಮರದ ರೂಲರು. ಮೊದಲ ದಿನ ನಾನು ತಡವಾಗಿ ಹೋಗಿ, ಅಪ್ಪನ ಇಂಗ್ಲಿಷಿನಲ್ಲಿ, 'ಐ ರಿಗ್ರೆಟ್ ದಿ ಇನ್‌ಕನ್ವೀನಿಯೆನ್ಸ್ ಕಾಸ್ಡ್' ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು.

'ಯಾರು ಸತ್ತದೆ, ಚೈಲ್ಡ್?' ಎಂದರು ತಮ್ಮ ದಂಡಿನ ಕನ್ನಡದಲ್ಲಿ. 'ನೀನು ಪುಸ್ತಕ ಮಾತಾಡ್ತದೆ. ಬಾಯಿ ಮಾತಾಡು. ನಾಳೆ ಆನ್ ದಿ ಡಾಟ್ ಬಾ.'

'ಡಾಟ್' ಎನ್ನುವಾಗ ರೂಲರಿನ ತುದಿಯಿಂದ ಮೇಜಿಗೆ ಒಂದು ಚುಕ್ಕೆ ಕುಟ್ಟಿದರು. ಗಡಿಯಾರದ ಮುಳ್ಳು ಆ ಚುಕ್ಕೆಯ ಮೇಲೆ ಕೂತಾಗ ಬಾ, ಆಚೆಗೂ ಬೇಡ ಈಚೆಗೂ ಬೇಡ. ನನಗೆ ಯಾರೂ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ.

ಆಮೇಲೆ ಆ ಹೆಂಗಸಿನ ಬಾಯಿಯನ್ನೇ ಕಾಯುತ್ತ ಕುಳಿತೆ. ಶೀರ್ಷಿಕೆ ಕಾಗದದ ಮಧ್ಯಕ್ಕೆ ಬಂದರೆ 'ಡೆಡ್ ಸೆಂಟರ್'. ಸತ್ತ ಹಾಗೆ ಅಲುಗಾಡದ ಮಧ್ಯ. ನಕಲು ಮೂಲದ ಹಾಗೇ ಬಂದರೆ 'ಟು ಎ ಟೀ', ಅಳತೆ ಕೊಟ್ಟು ಹೊಲಿಸಿದಂತೆ. ಗುರಿ ಮುಟ್ಟಿದ ಉತ್ತರಕ್ಕೆ 'ಬ್ಯಾಂಗ್ ಆನ್', ಮೇಜಿಗೊಂದು ಗುದ್ದು. ಒಂದಿಷ್ಟು ಆಚೀಚೆ ಆದರೆ 'ಗಿವ್ ಆರ್ ಟೇಕ್'. ಎಲ್ಲದರ ಮೇಲೆ, ನಾನು ಅಂಚಿನ ಸಾಲನ್ನು ಕೂದಲೆಳೆಯಷ್ಟು ಓರೆ ಮಾಡಿದ ಒಂದು ದಿನ ಅವರು ಕಾಗದವನ್ನು ಬೆಳಕಿಗೆ ಹಿಡಿದು ಹೇಳಿದ್ದು: 'ನಿಯರ್ ಆಸ್ ಡ್ಯಾಮಿಟ್.' ಅಚ್ಚು ಅದೇ ಅಲ್ಲ, ಆದರೆ ಹಾಳಾಗಿ ಹೋಗಲಿ, ಅದೇ ಅಂದುಕೋ. ಬೈಗುಳವನ್ನು ಹೀಗೆ ಅಳತೆಗೋಲು ಮಾಡಿಕೊಂಡ ಜನ ಇಂಗ್ಲೆಂಡಿನಲ್ಲೂ ಇದ್ದಾರೆಂದು ತಿಳಿದು ನನಗೆ ಆ ದೇಶದ ಮೇಲೆ ಮೊದಲ ಸಲ ಪ್ರೀತಿ ಹುಟ್ಟಿತು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳಿಗೆ ಇಂಗ್ಲಿಷಿನ ಅಕ್ಷರ ಗೊತ್ತಿರಲಿಲ್ಲ. ಸಾರಿನ ಉಪ್ಪು ನೋಡುತ್ತಿದ್ದಳು. 'ಬ್ಯಾಂಗ್ ಆನ್ ಅಂದ್ರೆ ಏನೇ?' ಎಂದಳು. ಹೇಳಿದೆ. ಸೌಟನ್ನು ಪಾತ್ರೆಯ ಅಂಚಿಗೆ ಟಣ್ಣೆಂದು ಹೊಡೆದು 'ಬ್ಯಾಂಗಾನು' ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಹದವಾದ ಸಾರಿಗೆಲ್ಲ ಅದೇ ಹೆಸರು. ಅಪ್ಪ ಮಾತ್ರ ತಟ್ಟೆಯಿಂದ ತಲೆ ಎತ್ತದೆ, 'ಅದು ಇಂಗ್ಲಿಷಲ್ಲ ಕಣೇ, ಅದು ದಂಡಿನ ಮಾತು' ಎನ್ನುತ್ತಿದ್ದರು.

ಮರುವರ್ಷ ನಮ್ಮ ಬಡಾವಣೆಯ ಹೊಸ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನನಗೆ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿತು. ತಾತ್ಕಾಲಿಕ ಕೆಲಸ. ವರ್ಷದ ಕೊನೆಗೆ ಆಡಳಿತ ಸಮಿತಿ ಒಪ್ಪಿದರೆ ಖಾಯಂ. ಈ ಖಾಯಂ ಎಂಬ ಶಬ್ದದ ಮೇಲೆ ನನ್ನ ಇಡೀ ಬದುಕು ನಿಂತಿತ್ತು. ಖಾಯಂ ಆದರೆ ಎರಡು ವರ್ಷ ಮದುವೆಯ ಮಾತೆತ್ತುವುದಿಲ್ಲ ಎಂದು ಅಪ್ಪ ಒಪ್ಪಿದ್ದರು. ಆಗದಿದ್ದರೆ, ಮೈಸೂರಿನಿಂದ ಆಗಲೇ ಎರಡು ಸಲ ವಿಚಾರಿಸಿದ್ದ ಒಂದು ಮನೆಯವರಿಗೆ ಬರಹೇಳುವುದು. ಹುಡುಗನ ಬಗ್ಗೆ ನನಗೆ ದೂರೇನೂ ಇರಲಿಲ್ಲ. ನೋಡಿಯೇ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಬೆಳಿಗ್ಗೆ ಕೊಡೆ ಹಿಡಿದು ನನ್ನ ಕೆಲಸಕ್ಕೆ ನಾನು ನಡೆದು ಹೋಗುವುದು, ಅಷ್ಟೇ.

ತಗಡಿನ ಚಾವಣಿಯ ಶಾಲೆ. ಅರ್ಧ ಹುಡುಗಿಯರು ನಮ್ಮಂಥ ಮನೆಗಳವರು. ಉಳಿದರ್ಧ ಸಾರಕ್ಕಿ, ಯಡಿಯೂರಿನ ಹಳೆಯ ಮನೆತನಗಳವರು, ಹೊಲಗಳು ಒಂದೊಂದಾಗಿ ಬಡಾವಣೆಗೆ ಹೋಗುತ್ತಿದ್ದವರು. ಇಂಗ್ಲಿಷ್ ಎಂದರೆ ಎಲ್ಲರೂ ಒಂದೇ ರೀತಿ ಹೆದರುತ್ತಿದ್ದರು. ಪ್ರಶ್ನೆಗೆ ಬಾಯಿಪಾಠದ ಉತ್ತರ, ಕೈಕಟ್ಟಿ, ಕಣ್ಣು ಚಾವಣಿಗೆ. ತನಿಖೆಗೆ ಬರುವ ಅಧಿಕಾರಿ ಯಾವ ಪ್ರಶ್ನೆ ಕೇಳುತ್ತಾರೆ, ಅದಕ್ಕೆ ಯಾರು ಏಳಬೇಕು ಎಂಬುದೆಲ್ಲ ಮೊದಲೇ ಗೊತ್ತು ಮಾಡಿರುವುದು ಆ ಶಾಲೆಯ ಪದ್ಧತಿ. ಉತ್ತರಗಳನ್ನು ಬರೆದುಕೊಡುತ್ತಿದ್ದವರು ಸಮಿತಿಯ ಕಾರ್ಯದರ್ಶಿಗಳು. ಜರಿ ಪೇಟದ, ಬೆತ್ತ ಹಿಡಿದ ನಿವೃತ್ತ ಅಧಿಕಾರಿ. ಅವರೂ ಇಂಗ್ಲಿಷಿಗೆ ಕೋಟು ತೊಡುತ್ತಿದ್ದವರೇ, ಆದರೆ ಅವರು ಅದನ್ನು ಬಿಚ್ಚಿದ್ದನ್ನು ಯಾರೂ ಕಂಡಿರಲಿಲ್ಲ.

ನಾನು ಪಾಠ ಮುಗಿಸಿ ಉಳಿದ ಹತ್ತು ನಿಮಿಷದಲ್ಲಿ ಟೈಪಿಂಗ್ ಶಾಲೆಯ ಇಂಗ್ಲಿಷ್ ಕಲಿಸತೊಡಗಿದೆ. 'ಗದ್ದೆ ನಡುವೆ ಅನ್ನೋದಕ್ಕೂ ನಟ್ಟನಡುವೆ ಅನ್ನೋದಕ್ಕೂ ಏನು ವ್ಯತ್ಯಾಸ?' ಎಂದು ಕೇಳಿದೆ. ಹಿಂದಿನ ಬೆಂಚಿನಿಂದ ಸಾರಕ್ಕಿಯ ಒಬ್ಬ ಹುಡುಗಿ, ಎರಡು ಜಡೆ, ದೊಡ್ಡ ಗಂಟಲು, ಕೂತಲ್ಲಿಂದಲೇ ಹೇಳಿದಳು: 'ನಟ್ಟನಡುವೆ ಅಂದ್ರೆ ಯಾವ್ ಕಡೆಯಿಂದ ಓಡಿದ್ರೂ ನಾಯಿ ಹಿಡಿಯುತ್ತೆ, ಮಿಸ್!' ತರಗತಿ ಹೋ ಎಂದಿತು. ನಾವು ಮಾತನ್ನು ಇಮ್ಮಡಿ ಮಾಡಿ ಒತ್ತುತ್ತೇವೆ, ಇಂಗ್ಲಿಷಿನವರು ಬಡಿದು ಒತ್ತುತ್ತಾರೆ ಎಂದೆ. ಅಂಗೈಗೆ ಅಂಗೈ ಹೊಡೆದು 'ಸ್ಮ್ಯಾಕ್ ಇನ್ ದಿ ಮಿಡಲ್' ಎಂದೆ. ಎಲ್ಲರೂ ಹೊಡೆದರು. ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗಾಯಿತು. ಅಂದಿನಿಂದ ಹುಡುಗಿಯರು ಇಂಗ್ಲಿಷ್ ಆಡುವಾಗ ಕೈಕಟ್ಟುವುದು ಬಿಟ್ಟರು. ಕಟ್ಟಿದ ಕೈಯಿಂದ ಆ ಮಾತುಗಳು ಬರುವುದೇ ಇಲ್ಲ.

ತನಿಖೆಯ ದಿನ ಎಲ್ಲ ಗೊತ್ತು ಮಾಡಿದ ಹಾಗೇ ನಡೆಯುತ್ತಿತ್ತು. ಮುಂದಿನ ಬೆಂಚಿನವರು ಉತ್ತರಿಸಿದರು, ಕಾರ್ಯದರ್ಶಿಗಳು ತಲೆದೂಗಿದರು. ಆಮೇಲೆ ಆ ತನಿಖಾಧಿಕಾರಿ, ಸಣಕಲು ಮನುಷ್ಯ, ಬಹುಶಃ ಅವರಿಗೂ ಬೇಜಾರಾಗಿತ್ತೇನೋ, ನೇರವಾಗಿ ಹಿಂದಿನ ಬೆಂಚಿಗೆ ಹೋಗಿ ಇಂಗ್ಲಿಷಿನಲ್ಲಿ ಕೇಳಿದರು: 'ನಿನ್ನ ಮನೆ ಎಲ್ಲಿದೆ?'

ಈ ಪ್ರಶ್ನೆ ಪಟ್ಟಿಯಲ್ಲಿರಲಿಲ್ಲ. ಸಾರಕ್ಕಿಯ ಹುಡುಗಿ ಎದ್ದಳು. ಅಂಗೈಗೆ ಅಂಗೈ ಫಟ್ಟೆಂದು ಹೊಡೆದು ಹೇಳಿದಳು: 'ಸ್ಮ್ಯಾಕ್ ಇನ್ ದಿ ಮಿಡಲ್ ಆಫ್ ದಿ ರಾಗಿ ಫೀಲ್ಡ್, ಸಾರ್!'

ಅಧಿಕಾರಿ ಅವಳ ಅಂಗೈಗಳನ್ನು ನೋಡಿದರು. ಆಮೇಲೆ ನಕ್ಕರು. ಕರವಸ್ತ್ರ ತೆಗೆದು ಕಣ್ಣೊರಸಿಕೊಳ್ಳುವಷ್ಟು ನಕ್ಕರು. 'ಆರ್ ಯು ಶ್ಯೂರ್?' ಎಂದರು. 'ಡೆಡ್ ಶ್ಯೂರ್, ಸಾರ್' ಎಂದಳು. ಅವರು ಇನ್ನೊಮ್ಮೆ ನಗುತ್ತ ಹೊರಟರು.

ಕಾರ್ಯದರ್ಶಿಗಳ ಮುಖ ನಾನು ನೋಡಿದೆ. ಅವರಿಗೆ ಅದು ಅವಮಾನವಾಗಿ ಕಂಡಿತ್ತು. ಇದನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ಎದುರಿಗೆ ಒಬ್ಬ ಮನುಷ್ಯ ಸಂತೋಷದಿಂದ ನಗುತ್ತಿದ್ದಾನೆ ಎಂಬುದು ಅವರಿಗೆ ತಿಳಿಯಲೇ ಇಲ್ಲ, ಏಕೆಂದರೆ ಅವನು ಇಂಗ್ಲಿಷಿನಲ್ಲಿ ನಗುತ್ತಿದ್ದ. ಮಡಿಯಲ್ಲಿ ನಗುವುದೆಂದರೆ ಮಡಿ ಕೆಟ್ಟಿದೆ ಎಂದೇ.

ಮರುದಿನ ಕಾರ್ಯದರ್ಶಿಗಳು ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ಬಾಗಿಲ ಬಳಿ ಮುಖ್ಯೋಪಾಧ್ಯಾಯಿನಿ ನೆಲ ನೋಡುತ್ತ ನಿಂತಿದ್ದರು.

'ಆ ಮಾತು ಕಲಿಸಿದ್ದು ಯಾರಮ್ಮ?'

'ನಾನೇ ಸಾರ್.'

'ಎಲ್ಲಿ ಕಲಿತ್ರಿ? ಕಾಲೇಜ್ನಲ್ಲೋ, ಬಜಾರ್ನಲ್ಲೋ?'

'ಗಾಂಧಿ ಬಜಾರ್ ಹತ್ರ ಸಾರ್.' ಇದು ನಿಜವಾದ್ದರಿಂದ ಹೇಳಿದೆ. ಅವರಿಗೆ ಉದ್ಧಟತನ ಅನಿಸಿತು. ಈಗ ಯೋಚಿಸಿದರೆ ಎರಡೂ ಇತ್ತೇನೋ.

'ಸೋಮವಾರ ಪ್ರಾರ್ಥನೆ ಆದ್ಮೇಲೆ ಮಕ್ಕಳ ಎದುರಿಗೆ ಹೇಳಿ. ನಾನು ಕಲಿಸಿದ ಆ ಮಾತುಗಳು ಇಂಗ್ಲಿಷಲ್ಲ, ಮರೆತುಬಿಡಿ ಅಂತ. ಎರಡೇ ಮಾತು. ಆಮೇಲೆ ನಿಮ್ಮ ಖಾಯಂ ವಿಷಯ ನೋಡೋಣ.'

'ಹೇಳದಿದ್ರೆ, ಸಾರ್?'

'ನೋಡೋದಕ್ಕೆ ಏನೂ ಇರೋದಿಲ್ಲ.'

ಮನೆಯಲ್ಲಿ ಹೇಳಿದಾಗ ಅಪ್ಪ ತುತ್ತು ಹಾಗೇ ಹಿಡಿದುಕೊಂಡರು. 'ಎರಡು ಮಾತು ತಾನೇ. ಹೇಳಿಬಿಡು' ಎಂದರು.

'ಹೇಗೆ ಹೇಳ್ಲಿ ಅಪ್ಪ? ಆ ಹುಡುಗಿ ಜೀವಮಾನದಲ್ಲಿ ಮೊದಲ್ನೇ ಸಲ ಒಬ್ಬ ಅಧಿಕಾರಿಗೆ ತನ್ನ ಮನೆ ಎಲ್ಲಿದೆ ಅಂತ ಹೇಳಿದಾಳೆ. ಅದು ಇಂಗ್ಲಿಷಲ್ಲ ಅಂದ್ರೆ ಮುಂದೆ ಬಾಯಿ ಬಿಡ್ತಾಳಾ?'

'ಅವಳ ಬಾಯಿ ಇರ್ಲಿ. ನಿನ್ನ ಕೆಲ್ಸ?'

ಅಮ್ಮ ಮಜ್ಜಿಗೆ ಬಡಿಸುತ್ತ, 'ನೀವೇ ಒಂದ್ಸಲ ಹೋಗಿ ಮಾತಾಡಬಾರ್ದೆ? ನಿಮ್ಮ ಹತ್ರ ಕೋಟಿದೆಯಲ್ಲ' ಎಂದಳು.

ಶನಿವಾರ ಅಪ್ಪ ಕೋಟು ತೊಟ್ಟು ನನ್ನೊಂದಿಗೆ ಬಂದರು. ಕ್ಷಮೆ ಕೇಳಿಸಲು ಬಂದರೆಂದೇ ನಾನು ತಿಳಿದಿದ್ದೆ; ಅವರೂ ಹಾಗೇ ತಿಳಿದಿದ್ದರು. ಕಾರ್ಯದರ್ಶಿಗಳು ಕುರ್ಚಿ ಹಾಕಿಸಿದರು. ಇಬ್ಬರೂ ಇಂಗ್ಲಿಷಿನಲ್ಲಿ ಹವಾಮಾನದ ಮಾತು ಮುಗಿಸಿದರು. ಆಮೇಲೆ ಕಾರ್ಯದರ್ಶಿಗಳು ಮೇಜಿನ ಮೇಲೆ ಬಾಗಿ ಹೇಳಿದರು: 'ಯಜಮಾನ್ರೇ, ನೀವು ಡ್ರಾಫ್ಟಿಂಗ್ ಬಲ್ಲವರು. ನೀವೇ ಹೇಳಿ. ಸ್ಮ್ಯಾಕ್ ಇನ್ ದಿ ಮಿಡಲ್. ಇದು ಇಂಗ್ಲಿಷಾ?'

ಅಪ್ಪ ಮೇಲಿನ ಗುಂಡಿಯನ್ನು ಮುಟ್ಟಿನೋಡಿಕೊಂಡರು. ನನ್ನ ಕಡೆ ನೋಡಲಿಲ್ಲ. ಕಿಟಕಿಯ ಆಚೆ ಹುಡುಗಿಯರ ಸದ್ದು. ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ಹೇಳಲಾರೆ. ನನ್ನ ನೆನಪು ಅದನ್ನು ವರ್ಷಕ್ಕಿಷ್ಟು ಎಂದು ಹಿಗ್ಗಿಸುತ್ತಲೇ ಬಂದಿದೆ.

'ಮೋರ್ ಆರ್ ಲೆಸ್, ಸಾರ್' ಎಂದರು.

ಕಾರ್ಯದರ್ಶಿಗಳಿಗೆ ಅದನ್ನು ಎಲ್ಲಿ ಹಿಡಿಯುವುದು ಎಂದು ತಿಳಿಯಲಿಲ್ಲ. ಕಚೇರಿಯ ಕಡತಗಳಲ್ಲಿ ದಿನವೂ ಓಡಾಡುವ ಶುದ್ಧ ಮಾತು ಅದು. ಬೈಯುವ ಹಾಗಿಲ್ಲ. 'ಸೋಮವಾರ ನೋಡೋಣ' ಎಂದು ಎದ್ದರು.

ಮನೆಗೆ ನಡೆಯುವಾಗ ಕೇಳಿದೆ, 'ಅಪ್ಪ, ನನ್ನ ಪರವಾಗಿ ಹೇಳಿದ್ರಾ, ಅವರ ಪರವಾಗಿ ಹೇಳಿದ್ರಾ?'

'ಇಪ್ಪತ್ತೈದು ವರ್ಷ ಗುಮಾಸ್ತಿಕೆ ಮಾಡಿದೀನಿ ಕಣೇ. ಹಾಗೆಲ್ಲ ನೇರವಾಗಿ ಉತ್ತರ ಕೊಟ್ಟಿದ್ರೆ ಅಲ್ಲಿ ಇರ್ತಿದ್ನಾ?' ಎಂದರು. ಕೋಟಿನ ಬೆನ್ನು ಬೆವರಿನಿಂದ ತೊಯ್ದಿತ್ತು. ಸ್ವಲ್ಪ ದೂರ ಹೋದ ಮೇಲೆ, ಯಾರಿಗೂ ಅಲ್ಲವೆನ್ನುವಂತೆ, 'ಅಲ್ಲ ಅಂತ ಹೇಳೋಕೆ ಬಾಯಿ ಬರ್ಲಿಲ್ಲ' ಎಂದರು.

ಸೋಮವಾರ ಪ್ರಾರ್ಥನೆ ಮುಗಿಯಿತು. ಅಂಗಳದಲ್ಲಿ ಸಾಲುಸಾಲಾಗಿ ಹುಡುಗಿಯರು. ಜಗಲಿಯ ಮೇಲೆ ಕಾರ್ಯದರ್ಶಿಗಳು, ಬೆತ್ತದ ಹಿಡಿಯ ಮೇಲೆ ಎರಡೂ ಕೈ. ನನ್ನ ಹೆಸರು ಕರೆದರು. ಮುಂದೆ ಹೋದೆ. ಸಾರಕ್ಕಿಯ ಹುಡುಗಿ ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿದ್ದಳು. ವಿಷಯ ಶಾಲೆಗೆಲ್ಲ ಗೊತ್ತಾಗಿತ್ತು. ಅವಳು ಕೈಕಟ್ಟಿದ್ದಳು. ನಾನು ಬೆಳಗಿನ ತನಕ ಎರಡು ರೀತಿಯ ಮಾತನ್ನೂ ಸಿದ್ಧಮಾಡಿಕೊಂಡಿದ್ದೆ. ಸುಳ್ಳು ಹೇಳುವುದಿಲ್ಲ, ಕ್ಷಮೆಯದ್ದೂ ಚೆನ್ನಾಗಿಯೇ ಇತ್ತು. ಆ ಕಟ್ಟಿದ ಕೈಗಳನ್ನು ನೋಡಿದ ಮೇಲೆ ಅದು ಬಾಯಿಗೆ ಬರಲಿಲ್ಲ.

ನಾನು ಏನು ಹೇಳಿದೆ? ಇಲ್ಲಿ ಜಾಗರೂಕಳಾಗಿರಬೇಕು. ಗೆಳತಿಯರಿಗೆ ಇದನ್ನು ಹೇಳುತ್ತ ಹೇಳುತ್ತ ಆ ಮಾತು ಬೆಳೆದು ಭಾಷಣವಾಗಿದೆ. ಒಮ್ಮೆ ಅದರಲ್ಲಿ ಸ್ವಾತಂತ್ರ್ಯ ಎಂಬ ಶಬ್ದವೂ ಸೇರಿಕೊಂಡಿತ್ತು; ನಾನು ಖಂಡಿತ ಹಾಗೆ ಹೇಳಿರಲಾರೆ. ಆ ದಿನದ ದಿನಚರಿಯಲ್ಲಿ 'ಹೇಳಿದೆ' ಎಂದಷ್ಟೇ ಇದೆ. ಹಾಗಾಗಿ ಉದ್ಧರಣ ಚಿಹ್ನೆಯೊಳಗೆ ಇಡುವುದಿಲ್ಲ. ಹೆಚ್ಚು ಕಡಿಮೆ ಹೀಗೆ: ನಾನು ಕಲಿಸಿದ್ದು ಇಂಗ್ಲಿಷೇ. ಪರೀಕ್ಷೆಯಲ್ಲಿ ಬರೆಯಬೇಡಿ, ಅರ್ಜಿಯಲ್ಲಿ ಬರೆಯಬೇಡಿ. ಆದರೆ ಯಾರಾದರೂ ನಿಮ್ಮ ಮನೆ ಎಲ್ಲಿದೆ ಎಂದು ಕೇಳಿದರೆ, ಗೊತ್ತಿರುವ ಹಾಗೆ, ಕೈಬಿಚ್ಚಿ ಹೇಳಿ. ಯಾವುದನ್ನೂ ಮರೆಯಬೇಕಾಗಿಲ್ಲ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಿದರು ಎಂದು ಬರೆಯಲು ಕೈ ತುರಿಸುತ್ತದೆ, ಆದರೆ ತಟ್ಟಲಿಲ್ಲ. ಕಾರ್ಯದರ್ಶಿಗಳು ಮುಖ್ಯೋಪಾಧ್ಯಾಯಿನಿಯ ಕಡೆ ತಿರುಗಿ ಏನೋ ಹೇಳಿದರು. ಆಕೆ ನನ್ನ ಬಳಿ ಬಂದು ಮೆಲ್ಲಗೆ, 'ನಾಳೆಯಿಂದ ಬರೋದು ಬೇಡ ಕಣಮ್ಮ' ಎಂದರು. ಕೊಡೆ ತೆಗೆದುಕೊಂಡು ಹೊರಟೆ.

ಮೈಸೂರಿನವರಿಗೆ ಬರಹೇಳುತ್ತಾರೆ ಎಂದು ಕಾದೆ. ಅಪ್ಪ ಆ ಮಾತೇ ಎತ್ತಲಿಲ್ಲ. ಒಂದು ವಾರ ಕಳೆದ ಮೇಲೆ ನಾನೇ ಕೇಳಿದೆ. 'ಖಾಯಂ ಆಗ್ಲಿಲ್ಲವಲ್ಲ, ಅಪ್ಪ.'

'ಖಾಯಂ ಆಗೋ ವರೆಗೆ ಮದುವೆ ಮಾತಿಲ್ಲ ಅಂದಿದ್ದೆ. ಇನ್ನೂ ಆಗಿಲ್ಲ' ಎಂದು ಪತ್ರಿಕೆ ಬಿಡಿಸಿದರು. ಒಪ್ಪಂದ ಹೀಗಿರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ತಿದ್ದಲಿಲ್ಲ.

ಆ ತಿಂಗಳಲ್ಲೇ ಒಂದು ಸಂಜೆ ಗೇಟು ಕಿರುಗುಟ್ಟಿತು. ಸಾರಕ್ಕಿಯ ಹುಡುಗಿ, ಕೈಚೀಲದ ತುಂಬ ಅವರೆಕಾಯಿ. 'ಅಪ್ಪ ಕೊಟ್ಬಾ ಅಂದ್ರು, ಮಿಸ್' ಎಂದು ಜಗಲಿಯ ಮೇಲೆ ಸುರಿದಳು. ಹೋಗುವ ಲಕ್ಷಣವಿರಲಿಲ್ಲ. ಕೂರಿಸಿದೆ. ಅಪ್ಪ ಪಕ್ಕದ ಬೆತ್ತದ ಕುರ್ಚಿಯಲ್ಲಿ ಬನಿಯನ್ನು ತೊಟ್ಟು ಪತ್ರಿಕೆ ಓದುತ್ತಿದ್ದರು.

'ಹೊಸ ಮಿಸ್ಸು ಬಂದಿದಾರೆ' ಎಂದಳು ಹುಡುಗಿ. 'ನೀವ್ ಹೇಳ್ಕೊಟ್ಟಿದ್ದೆಲ್ಲ ತಪ್ಪಂತೆ. ಯಾರಾದ್ರೂ ಆಡಿದ್ರೆ ಬೆಂಚಿನ ಮೇಲೆ ನಿಲ್ಸ್ತಾರಂತೆ.'

'ನೀನೇನಂದೆ?'

'ಆರ್ ಯು ಶ್ಯೂರ್, ಮಿಸ್, ಅಂದೆ. ಅವ್ರು ಹೂಂ ಅಂದ್ರು. ನಾನು ಅಷ್ಟೇನೂ ಡೆಡ್ ಶ್ಯೂರ್ ಇಲ್ಲ ಮಿಸ್ ಅಂದೆ.'

'ಆಮೇಲೆ?'

'ನಿಲ್ಸಿದ್ರು. ಬೆಂಚಿನ ನಟ್ಟನಡುವೆ.' ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಕಾಳನ್ನು ಮಡಿಲಿಗೆ ಹಾಕಿಕೊಂಡು ಬಿಡುವಾದ ಅಂಗೈಗೆ ಅಂಗೈ ಹೊಡೆದಳು. 'ಸ್ಮ್ಯಾಕ್! ಬೆಲ್ ಹೊಡೀತು ನೋಡಿ, ಆನ್ ದಿ ಡಾಟ್ ಇಳ್ದೆ. ಒಂದ್ ನಿಮಿಷ ಜಾಸ್ತಿ ನಿಲ್ಲಲಿಲ್ಲ.'

ಪತ್ರಿಕೆಯ ಹಿಂದಿನಿಂದ ಒಂದು ಸದ್ದು ಬಂತು. ಕೆಮ್ಮು ಎಂದುಕೊಂಡೆ. ಪತ್ರಿಕೆ ನಡುಗತೊಡಗಿತು. ಅಪ್ಪ ಅದನ್ನು ತೊಡೆಯ ಮೇಲೆ ಇಳಿಸಿ, ಕನ್ನಡಕ ತೆಗೆದು, ನಗುತ್ತಿದ್ದರು. ಒಳಗಿನಿಂದ ಅಮ್ಮ ಏನಾಯಿತೆಂದು ನೋಡಲು ಬಂದಳು.

'ನಾಳೆ ನಿನ್ನ ಸ್ನೇಹಿತರನ್ನೂ ಪಾಠಕ್ಕೆ ಕರ್ಕೊಂಡು ಬಾಮ್ಮ' ಎಂದರು ಅಪ್ಪ ಹುಡುಗಿಗೆ. ಆಮೇಲೆ ಇಂಗ್ಲಿಷಿನಲ್ಲಿ, 'ಆನ್ ದಿ ಡಾಟ್.'

ನಾನು ತಿರುಗಿ ನಡುಮನೆಯ ಬಾಗಿಲ ಕಡೆ ನೋಡಿದೆ. ಕೋಟು ಮೊಳೆಯ ಮೇಲೇ ಇತ್ತು. ಕಪ್ಪೋ ಕಡುಗಂದೋ, ಅದನ್ನು ಬಿಟ್ಟುಬಿಡುತ್ತೇನೆ. ಮೊಳೆಯ ಮೇಲಿತ್ತು.